ಪದದ ನಡುವೆ ಒಂದು ಉಸಿರು

ಏಪ್ರಿಲ್‌ನಲ್ಲಿ ಆ ಹಾಡು ಓಜೆಲಾ ಮುದುಕಿಯ ಮನೆಗೆ ಹೊಕ್ಕಿತು. ಹೊಕ್ಕಿದ್ದು ಹೊಕ್ಕಿತು, ನೆಂಟರ ಹಾಗೆ ಎರಡು ದಿನ ಇದ್ದು ಹೋಗಲಿಲ್ಲ. ಮೊಮ್ಮಗಳು ಎಮಲೀನ್ ಹಲ್ಲುಜ್ಜುವಾಗಲೂ ಅದೇ, ತಲೆ ಬಾಚುವಾಗಲೂ ಅದೇ, ಬಚ್ಚಲ ಬಾಗಿಲು ಹಾಕಿಕೊಂಡರೆ ಒಳಗಿನಿಂದಲೂ ಅದೇ. ಅವರ ಊರು ಡ್ರೈಫೋರ್ಕಿನ ಪೆಟ್ರೋಲ್ ಬಂಕಿಗೆ ಹೋದರೆ ಅಲ್ಲೂ, ಹಿಟ್ಟು ತರಲು ಅಂಗಡಿಗೆ ಹೋದರೆ ಅಲ್ಲೂ ಕೇಳುತ್ತಿತ್ತು. ಸೇಡಿ ಹಾಲ್ಟ್ ಎಂಬ ಇಪ್ಪತ್ತಮೂರರ ಹುಡುಗಿಯ ಹಾಡು. ಅದರಲ್ಲಿ ಒಬ್ಬ ಗಂಡಸು ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಮೇಜು ಹಾಕಿ, ಮನೆಯ ಹಳೇ ಸಾಮಾನಿಗೆಲ್ಲ ಬೆಲೆಯ ಚೀಟಿ ಅಂಟಿಸಿ ಮಾರಲು ಕೂತಿರುತ್ತಾನೆ. ಹೆಂಡತಿ ಕನ್ನಡಿ ನೋಡಿಕೊಂಡರೆ ತನ್ನ ಹಣೆಯ ಮೇಲೂ ಒಂದು ಚೀಟಿ, ಇಪ್ಪತ್ತೈದು ಸೆಂಟು. ಅದನ್ನು ಕಿತ್ತು ಅವನ ಅಂಗೈಗೆ ಅಂಟಿಸಿ, 'ನನ್ನ ಬೆಲೆ ನಾನೇ ಹೇಳ್ತೀನಿ' ಎಂದು ಹೊರಟುಬಿಡುತ್ತಾಳೆ. ಇಷ್ಟೇ. ಇದಕ್ಕೆ ಊರಿನ ಹುಡುಗಿಯರೆಲ್ಲ ಯಾಕೆ ಹುಚ್ಚಾಗಿದ್ದಾರೋ ಓಜೆಲಾಗೆ ತಿಳಿಯದು.

ಮನೆಯಲ್ಲಿ ನಾಲ್ಕು ಜನ. ಓಜೆಲಾಗೆ ಎಪ್ಪತ್ತಾರು. ಮಗ ಹಾರ್ಲನ್ ಒಂದು ಕಾಲದಲ್ಲಿ ಬ್ಯಾಂಡಿನವರ ಜೊತೆ ಗಿಟಾರ್ ಹಿಡಿದು ಹನ್ನೆರಡು ರಾಜ್ಯ ತಿರುಗಿದವನು. ಎಡಭುಜ ಕೆಟ್ಟ ಮೇಲೆ ಹಿಂದಿನ ಕೊಟ್ಟಿಗೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುತ್ತಿದ್ದ, ಅದೂ ಮನಸ್ಸು ಬಂದ ದಿನ. ಸೊಸೆ ವೈನೆಲ್ ಬೆಳಿಗ್ಗೆ ಆರಕ್ಕೆ ಶಾಲೆಯ ಬಸ್ಸು ತೆಗೆದರೆ ಎಂಟೂವರೆಗೆ ನಿಲ್ಲಿಸುವಳು, ಮತ್ತೆ ಮಧ್ಯಾಹ್ನ ಎರಡಕ್ಕೆ ತೆಗೆಯುವಳು. ನಡುವಿನ ಹೊತ್ತಿನಲ್ಲಿ ತಿಂಗಳಿಗೆ ಮೂರು ನಾಲ್ಕು ಸಲ ಐವತ್ತು ಮೈಲಿ ದೂರದ, ದೇಶದ ಹಾಡೆಲ್ಲ ತಯಾರಾಗುವ ನ್ಯಾಶ್‌ವಿಲ್‌ಗೆ ಹೋಗಿ ಹಾಡಿ ಬರುತ್ತಿದ್ದಳು.

ಹಾಡುವುದೆಂದರೆ ವೇದಿಕೆಯ ಮೇಲಲ್ಲ. ಹಾಡು ಬರೆಯುವವರಿಗೆ ಗಂಟಲು ಇರುವುದಿಲ್ಲ. ಬರೆದದ್ದನ್ನು ದೊಡ್ಡ ಗಾಯಕಿಯರಿಗೆ ಕೇಳಿಸಲು ಯಾರಾದರೂ ಒಮ್ಮೆ ಹಾಡಿ ರೆಕಾರ್ಡ್ ಮಾಡಿಕೊಡಬೇಕು. ವೈನೆಲ್ ಹಾಗೆ ಹಾಡಿಕೊಡುವವಳು. ಹಾಡಿಗೆ ಇಷ್ಟು ಅಂತ ಕೈಗೆ ಕೊಡುತ್ತಾರೆ, ಮುಗಿಯಿತು. ಅವಳ ಹೆಸರು ಎಲ್ಲೂ ಇರುವುದಿಲ್ಲ. ದೊಡ್ಡವರು ಅದನ್ನು ಕೇಳಿ ಕೇಳಿ ಕಲಿತು ತಮ್ಮ ದನಿಯಲ್ಲಿ ಹಾಡಿ ಹೆಸರು ಮಾಡುತ್ತಾರೆ. 'ಅದು ಮೊದಲು ನಾನು ಹಾಡಿದ್ದು' ಎಂದು ಹೊರಗೆ ಬಾಯಿಬಿಟ್ಟವಳನ್ನು ಹಾಡು ಮಾರುವ ಆಫೀಸಿನವರು ಮತ್ತೆ ಕರೆಯುವುದಿಲ್ಲ, ಅದು ಆ ಕೆಲಸದ ರೀತಿ. ಹಾಗಾಗಿ ಯಾವ ಹಾಡು, ಯಾರ ಹಾಡು ಎಂದು ವೈನೆಲ್ ಮನೆಯಲ್ಲಿ ಹೇಳಿದವಳೇ ಅಲ್ಲ. ಮನೆಯವರೂ ಕೇಳಿರಲಿಲ್ಲ. 'ಇವತ್ತು ಪೇಟೆಗೆ ಹೋಗ್ತೀಯಾ? ಹಾಗಾದ್ರೆ ಕಾಫಿಪುಡಿ ತಾ' ಎನ್ನುವುದಷ್ಟೇ ಓಜೆಲಾಳ ವಿಚಾರಣೆ.

ಹೀಗಿರುವಾಗ ಶಾಲೆಯ ಅಡುಗೆಮನೆಯಲ್ಲಿ ಒಂದು ಜಾಗ ಖಾಲಿಯಾಯಿತು. ಒಂಬತ್ತರಿಂದ ಒಂದೂವರೆ, ತಿಂಗಳಿಗೆ ಸರಿಯಾದ ಸಂಬಳ, ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಊಟ ಹಾಕುವುದರಿಂದ ಆಗಲೂ ಕೆಲಸ. ಬಸ್ಸಿನ ಎರಡು ಸುತ್ತಿನ ನಡುವೆ ಅಳತೆ ಮಾಡಿ ಹೊಲಿದ ಹಾಗೆ ಕೂರುತ್ತಿತ್ತು. ಮೇ ಕೊನೆಯ ಶುಕ್ರವಾರದೊಳಗೆ ಕಾಗದಕ್ಕೆ ಸಹಿ ಹಾಕಿ ಕೊಡಬೇಕು. ತಗೋ ಎಂದ ಹಾರ್ಲನ್. ತಗೋ ಎಂದು ಅವನಿಗಿಂತ ಜೋರಾಗಿ ಹೇಳಿದವಳು ಓಜೆಲಾ. ಗಾಳಿಗೆ ಹಾಡಿ ಬರುವುದಕ್ಕಿಂತ ನಾಲ್ಕು ಮಕ್ಕಳ ತಟ್ಟೆ ತುಂಬಿಸುವುದು ಮಾನದ ಕೆಲಸ ಎಂದಳು. ವೈನೆಲ್ ಸ್ವಲ್ಪ ಹೊತ್ತು ಬಾಣಲೆ ಉಜ್ಜಿ, ಆಯ್ತು ಎಂದಳು.

ಆ ರಾತ್ರಿಯ ಊಟಕ್ಕೇ ಎಮಲೀನ್ ತಗಾದೆ ತೆಗೆದಳು. ಬೇಯಿಸಿದ ಬೀನ್ಸ್, ಮೆಕ್ಕೆಜೋಳದ ಬ್ರೆಡ್, ಹೆಚ್ಚಿದ ಈರುಳ್ಳಿ ಮೇಜಿನ ಮೇಲಿತ್ತು.

"ಅಮ್ಮ, ಆ ಕೆಲಸ ನಿಂಗೆ ಬೇಕಾ?"

"ಕೆಲಸ ಅಂದ್ರೆ ಕೆಲಸ ಕಣೇ."

"ಅದಲ್ಲ ಕೇಳಿದ್ದು. ಬೇಕಾ ಅಂದೆ."

ವೈನೆಲ್ ಗಂಡನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ ಹಾಕಿದಳು. ಹುಡುಗಿಗೆ ರೇಗಿತು.

"ಆ ಹಾಡು ಬರ್ದಿರೋದೇ ನಿನ್ನಂಥೋರಿಗೆ. ಹಣೆ ಮೇಲೆ ಚೀಟಿ ಅಂಟಿಸ್ಕೊಂಡು ಊರೆಲ್ಲ ಓಡಾಡ್ತೀಯ, ಅದರ ಮೇಲೆ ಎಷ್ಟು ಬರ್ದಿದೆ ಅಂತ ಒಂದಿನ ಓದ್ಕೊಂಡೂ ಇಲ್ಲ. ಸೇಡಿನ ನೋಡಿ ಕಲಿ ಸ್ವಲ್ಪ."

ಹಾರ್ಲನ್ ಮಗಳನ್ನು ಗದರಿದ. ಓಜೆಲಾ, ದೊಡ್ಡವರ ಹತ್ತಿರ ಮಾತಾಡುವ ರೀತಿಯೇ ಇದು ಎಂದು ಅದರ ಮೇಲೊಂದು ಸೇರಿಸಿದಳು. ವೈನೆಲ್ ಮಾತ್ರ ಸಿಟ್ಟಾಗಲಿಲ್ಲ. ಮಗಳನ್ನು ಒಂದು ಥರ ನೋಡಿ, ಬೀನ್ಸ್ ತಣ್ಣಗಾಗುತ್ತೆ ತಿನ್ನು ಎಂದಳು. ಆ ನೋಟ ಯಾಕೆ ಹಾಗಿತ್ತು ಎಂದು ಓಜೆಲಾಗೆ ಅರ್ಥವಾಗಲು ಒಂದು ವಾರ ಹಿಡಿಯಿತು.

ಒಂದು ವಾರದ ಮೇಲೆ ಮುದುಕಿ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಹೊಸ ಬಟಾಣಿ ಸುಲಿಯುತ್ತಿದ್ದಳು. ಎಮಲೀನ್ ರೇಡಿಯೋ ಆರಿಸದೆ ಶಾಲೆಗೆ ಹೋಗಿದ್ದಳು. ಎದ್ದು ಹೋಗಿ ಆರಿಸಲು ಮಂಡಿ ಒಪ್ಪಲಿಲ್ಲ, ಸಾಯಲಿ ಎಂದು ಬಿಟ್ಟಳು. ಆ ಹಾಡು ಬಂತು. ಇಷ್ಟು ದಿನ ಅದರ ಮೇಲೆ ಎಮಲೀನಳ ಕಿರುಚಾಟವೋ ಬಂಕಿನ ಗಲಾಟೆಯೋ ಇರುತ್ತಿತ್ತು, ಬರೀ ಹಾಡು ಕೇಳಿದ್ದು ಅದೇ ಮೊದಲು. 'ನನ್ನ ಬೆಲೆ ನಾನೇ' ಎಂದು ದನಿ ಏರಿತು. ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಬೇಕಾದವಳು ತೆಗೆದುಕೊಳ್ಳಲಿಲ್ಲ. 'ಹೇಳ್' ಎಂದು ಪದದ ಅರ್ಧಕ್ಕೆ ನಿಂತು, ಚೂರೇ ಚೂರು ಉಸಿರು ಎಳೆದು, 'ತೀನಿ' ಎಂದು ಮುಗಿಸಿ, ಒಂದೇ ಓಟದಲ್ಲಿ ಮುಂದಿನ ಸಾಲಿಗೆ ಹೋದಳು.

ಓಜೆಲಾಳ ಕೈಯಲ್ಲಿದ್ದ ಬಟಾಣಿ ನೆಲಕ್ಕೆ ಬಿತ್ತು. ಆ ಉಸಿರು ಅವಳಿಗೆ ಗೊತ್ತಿತ್ತು. ಗೊತ್ತಿತ್ತು ಅಂದರೇನು, ಅದು ಅವಳದೇ ಉಸಿರು.

ಅವರ ಚರ್ಚಿನಲ್ಲಿ ವಾದ್ಯವಿಲ್ಲ. ಪಿಯಾನೋ ಇಲ್ಲ, ಗಿಟಾರ್ ಇಲ್ಲ, ಇದ್ದದ್ದು ಬರೀ ಗಂಟಲು. ಮುಂದೆ ನಿಂತು ಹಾಡಿಸುವವರು ಗಂಡಸರೇ, ಹೆಂಗಸರು ಬೆಂಚಿನ ಮೇಲೆ ಕೂತು ಹಾಡಬೇಕು. ಎಲ್ಲರೂ ಸಾಲಿನ ಕೊನೆಗೆ ಒಟ್ಟಿಗೆ ಉಸಿರು ತೆಗೆದುಕೊಂಡರೆ ಹಾಡು ಅಲ್ಲೇ ಕುಸಿದು ಕೂರುತ್ತದೆ, ಹಿಡಿದೆತ್ತಲು ವಾದ್ಯವಿಲ್ಲ. ಅದಕ್ಕೆ ಕೆಳದನಿಯ ಹೆಂಗಸರು ನಾಲ್ಕೈದು ಜನ ಯಾರಿಗೂ ಕೇಳದ ಹಾಗೆ ಪದದ ನಡುವೆಯೇ ಉಸಿರು ಕದ್ದು, ಎಲ್ಲರೂ ನಿಂತಾಗ ತಾವು ನಿಲ್ಲದೆ ಹಾಡನ್ನು ಮುಂದಿನ ಸಾಲಿಗೆ ದಾಟಿಸುತ್ತಾರೆ. ಓಜೆಲಾಗೆ ಅದನ್ನು ಕಲಿಸಿದ್ದು ಅವಳಮ್ಮ. ವೈನೆಲ್ ಸೊಸೆಯಾಗಿ ಬಂದು ಪಕ್ಕದಲ್ಲಿ ಕೂತ ಮೊದಲ ಭಾನುವಾರ ಓಜೆಲಾ ಅವಳ ಪಕ್ಕೆಗೆ ಮೊಣಕೈಯಿಂದ ತಿವಿದು ತಿವಿದು, ಎಲ್ಲಿ ಉಸಿರು ಎಂದು ತೋರಿಸಿಕೊಟ್ಟಿದ್ದಳು. ಓಜೆಲಾಳ ಗಂಡ ಮೂವತ್ತು ವರ್ಷ ಮುಂದೆ ನಿಂತು ಹಾಡಿಸಿದ. ಏನು ಹಾಡಿಸ್ತಾನಪ್ಪ ಎಂದು ನಾಲ್ಕು ಊರು ಹೊಗಳಿತು. ಹಾಡು ಬೀಳದಂತೆ ಹಿಡಿದವರು ಯಾರು ಎಂದು ಯಾರೂ ಕೇಳಲಿಲ್ಲ, ಓಜೆಲಾಳೂ ಹೇಳಲಿಲ್ಲ.

ಮಧ್ಯಾಹ್ನ ವೈನೆಲ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮುದುಕಿ ಕೋಲೂರಿಕೊಂಡು ಅವಳ ಹಿಂದೆ ಬಂದು ನಿಂತಳು.

"ಆ ಹಾಡು ನಿಂದು."

"ಯಾವ ಹಾಡು, ಮಿಸ್ ಓಜೆಲಾ?" ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ವೈನೆಲ್ ಅತ್ತೆಯನ್ನು ಕರೆಯುತ್ತಿದ್ದದ್ದು ಹಾಗೇ, ಊರಿನ ಹಿರಿಯ ಹೆಂಗಸರನ್ನು ಮರ್ಯಾದೆಗೆ ಮಿಸ್ ಸೇರಿಸಿ ಕರೆಯುವ ಹಾಗೆ.

"ನಂಗೆ ಮಂಡಿ ಹೋಗಿದೆ, ಕಿವಿ ಹೋಗಿಲ್ಲ."

ವೈನೆಲ್ ಕ್ಲಿಪ್ಪು ಬಾಯಲ್ಲಿಟ್ಟುಕೊಂಡು ಒಂದು ಅಂಗಿ ಸಿಕ್ಕಿಸಿದಳು, ಇನ್ನೊಂದು ಸಿಕ್ಕಿಸಿದಳು. ಆಮೇಲೆ ಹೇಳಿದಳು. ಜನವರಿಯಲ್ಲಿ ಹಾಡಿದ್ದಂತೆ. ಹಿಂದಿನ ರಾತ್ರಿ ಮಂಜು ಬಿದ್ದು ಬಸ್ಸು ತಡವಾಗಿ, ನಿದ್ದೆಯಿಲ್ಲದೆ ಹೋಗಿ ನಿಂತು, ಎಲ್ಲಿದ್ದೀನಿ ಅನ್ನುವುದು ಮರೆತು, ಚರ್ಚಿನಲ್ಲಿ ಹಾಡುವ ಹಾಗೆ ಪದದ ನಡುವೆ ಉಸಿರು ತೆಗೆದುಕೊಂಡುಬಿಟ್ಟಳಂತೆ. ಒಬ್ಬಳೇ ಹಾಡುವಾಗ ಅದು ತಪ್ಪು. ಇನ್ನೊಮ್ಮೆ ಹಾಡ್ತೀನಿ ಎಂದರೆ ಬರೆದವನು ಬೇಡ ಎಂದನಂತೆ. ಧೈರ್ಯ ಒಟ್ಟುಮಾಡಿಕೊಂಡು ಹೇಳಿದ ಹಾಗಿದೆ, ಇರಲಿ ಬಿಡು ಎಂದನಂತೆ. ಆ ಸೇಡಿ ಹುಡುಗಿ ತಪ್ಪಿನ ಸಮೇತ ಕಲಿತು ಹಾಡಿದ್ದಾಳೆ.

"ಎಮಲೀನ್‌ಗೆ ಯಾಕೆ ಹೇಳಿಲ್ಲ? ಅಷ್ಟು ಮಾತು ಕೇಳ್ಕೊಂಡು ಸುಮ್ನಿದ್ದೆಯಲ್ಲ."

"ನೀವೂ ಹೇಳ್ಬೇಡಿ, ಮಿಸ್ ಓಜೆಲಾ. ಸೇಡಿ ಹಾಡಿದ್ದಾಳೆ ಅಂತ ಅವಳು ಅದನ್ನ ನಂಬ್ತಿದ್ದಾಳೆ. ನಂದು ಅಂತ ಗೊತ್ತಾದ್ರೆ ನಂಬೋದು ಬಿಟ್ಬಿಡ್ತಾಳೆ. ಅವಳು ನಂಬ್ಲಿ, ನಂಗಷ್ಟು ಸಾಕು."

ಓಜೆಲಾ ಕೋಲನ್ನು ಕಂಬಕ್ಕೆ ಒರಗಿಸಿದಳು. ಬುಟ್ಟಿಯಿಂದ ಒಂದೊಂದೇ ಬಟ್ಟೆ ಎತ್ತಿ ಸೊಸೆಯ ಕೈಗೆ ಕೊಡುತ್ತ ನಿಂತಳು. ಆ ಮನೆಯಲ್ಲಿ ಅವಳು ಹಾಗೆ ನಿಂತದ್ದು ಅದೇ ಮೊದಲು.

ಅಲ್ಲಿಂದ ಮುದುಕಿಗೆ ಇನ್ನೊಂದು ಹುಚ್ಚು ಹಿಡಿಯಿತು. ಬೇಡದಿದ್ದರೂ ಹಿಟ್ಟಿನ ನೆಪ ಹೇಳಿ ಅಂಗಡಿಗೆ ಹೋಗತೊಡಗಿದಳು. ಎರಡು ವಾರದಲ್ಲಿ ಮನೆಯಲ್ಲಿ ಐದು ಚೀಲ ಹಿಟ್ಟಾಯಿತು. ಇಷ್ಟು ಹಿಟ್ಟಲ್ಲಿ ಯಾರ ಮದುವೆ ಎಂದು ಹಾರ್ಲನ್ ನಕ್ಕ. ಅಂಗಡಿಯಲ್ಲಿ ಹಾಡು ಬಂದಾಗ ಓಜೆಲಾ ಸಾಮಾನು ನೋಡುವವಳ ಹಾಗೆ ನಿಂತು ಜನರ ಬಾಯಿ ನೋಡುತ್ತಿದ್ದಳು. ಒಂದು ದಿನ ಹಣ ಕೊಡುವ ಸಾಲಿನಲ್ಲಿ ತೋಳ ತುಂಬ ಹಚ್ಚೆ ಹಾಕಿಸಿಕೊಂಡ ದಪ್ಪ ಹೆಂಗಸೊಬ್ಬಳು ಡಯಾಪರ್ ಕಟ್ಟು ಕಂಕುಳಲ್ಲಿ ಹಿಡಿದು ಮೆಲ್ಲಗೆ ಹಾಡುತ್ತಿದ್ದಳು. 'ಹೇಳ್' ಎಂದು ನಿಂತಳು, ಉಸಿರೆಳೆದಳು, 'ತೀನಿ' ಎಂದಳು. ಕಣ್ಣ ಕಪ್ಪು ಕೆನ್ನೆಗೆ ಇಳಿದಿತ್ತು. ಯಾರ ಮನೆಯವಳೋ, ಏನು ಕಷ್ಟವೋ. ತನ್ನ ಅಮ್ಮ ಸತ್ತು ನಲವತ್ತು ವರ್ಷವಾಗಿದೆ, ಅವಳು ಕಲಿಸಿದ ಉಸಿರನ್ನು ಈ ಗುರುತಿಲ್ಲದ ಹೆಂಗಸು ತೆಗೆದುಕೊಳ್ಳುತ್ತಿದ್ದಾಳೆ ಎಂದು ನೆನೆಯುತ್ತ ಓಜೆಲಾ ಸಾಲು ಮುಂದೆ ಸರಿದದ್ದನ್ನೂ ನೋಡಲಿಲ್ಲ. ಸಾಮಾನಿನ ತಳ್ಳುಬಂಡಿ ಹಿಡಿದುಕೊಂಡು ನಿಂತಲ್ಲೇ ನಿಂತಳು. ಹುಷಾರಾಗಿದ್ದೀರಾ ಅಜ್ಜಿ ಎಂದು ಕೌಂಟರಿನ ಹುಡುಗಿ ಕೇಳಿದಳು.

ಮೇ ಮೂರನೇ ವಾರ ಎಮಲೀನ್‌ಗೆ ಹದಿನಾರು. ಹುಟ್ಟುಹಬ್ಬಕ್ಕೆಂದು ವೈನೆಲ್ ಎಂದೋ ಮೂರು ಟಿಕೆಟ್ ತೆಗೆದಿಟ್ಟಿದ್ದಳು, ಸೇಡಿ ಹಾಲ್ಟ್ ಶನಿವಾರ ಮಧ್ಯಾಹ್ನ ನ್ಯಾಶ್‌ವಿಲ್‌ನ ಮೈದಾನದಲ್ಲಿ ಹಾಡುವವಳಿದ್ದಳು. ಎಮಲೀನಳ ಜೊತೆ ಬರಬೇಕಾಗಿದ್ದ ಗೆಳತಿಗೆ ಜ್ವರ. ಹಾಗಾದರೆ ನಾನು ಬರುತ್ತೇನೆ ಎಂದಳು ಓಜೆಲಾ. ಎಮಲೀನ್ ಅಜ್ಜಿಯ ಹಣೆ ಮುಟ್ಟಿ ನೋಡಿದಳು.

ಅಷ್ಟು ಹೆಣ್ಣುಮಕ್ಕಳನ್ನು ಓಜೆಲಾ ಒಂದೇ ಕಡೆ ಕಂಡಿರಲಿಲ್ಲ. ಬೂಟು ಹಾಕಿದವರು, ಟೋಪಿ ಹಾಕಿದವರು, ಹಣೆಗೆ ಕಾಗದದ ಚೀಟಿ ಅಂಟಿಸಿಕೊಂಡು ಬಂದವರು. ತಾಯಂದಿರು, ಬಸುರಿಯರು, ತನ್ನ ವಯಸ್ಸಿನವರೂ ಇದ್ದರು. ಸೇಡಿ ಕಡ್ಡಿಯಂಥ ಹುಡುಗಿ, ದೂರದಿಂದ ಬೆರಳುದ್ದ ಕಾಣುತ್ತಿದ್ದಳು. ಕೊನೆಗೆ ಆ ಹಾಡು ಬಂತು. ವಾದ್ಯದವರನ್ನೆಲ್ಲ ಕೈ ಎತ್ತಿ ನಿಲ್ಲಿಸಿ, ಮೈಕನ್ನು ಜನರ ಕಡೆ ತಿರುಗಿಸಿ, ಈಗ ನೀವು ಹಾಡಿ ಎಂದಳು.

ವಾದ್ಯವಿಲ್ಲ. ಬರೀ ಗಂಟಲು. ಓಜೆಲಾ ಬೆಂಚಿನ ಅಂಚು ಹಿಡಿದುಕೊಂಡಳು. ಐವತ್ತು ಸಾವಿರ ಹೆಂಗಸರು 'ನನ್ನ ಬೆಲೆ ನಾನೇ ಹೇಳ್' ಎಂದು ನಿಂತರು. ಐವತ್ತು ಸಾವಿರ ಜನ ಒಟ್ಟಿಗೆ ಉಸಿರೆಳೆದ ಸದ್ದು ಮೈದಾನದ ಮೇಲೆ ಹಾದುಹೋಯಿತು. ಅಂಥ ಸದ್ದು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ, ಪ್ರಾರ್ಥನೆಯಲ್ಲೂ ಕೇಳಿರಲಿಲ್ಲ. ದೇವರೇ, ಇದನ್ನು ನೋಡಲು ನನ್ನನ್ನು ಇಷ್ಟು ದಿನ ಇಟ್ಟಿದ್ದೆಯಾ ಎಂದು ಗಟ್ಟಿಯಾಗಿಯೇ ಅಂದಳು. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು.

ಪಕ್ಕದಲ್ಲಿ ಎಮಲೀನ್ ಕುಣಿಯುತ್ತಿದ್ದಳು, ಅದರಾಚೆ ವೈನೆಲ್ ತುಟಿ ಬಿಗಿದು ನಿಂತಿದ್ದಳು. ಹಾಡಮ್ಮ, ಇವತ್ತೊಂದಿನ ಆದ್ರೂ ಹಾಡು ಎಂದು ಹುಡುಗಿ ತಾಯಿಯ ತೋಳು ಹಿಡಿದು ಜಗ್ಗಿದಳು. ವೈನೆಲ್ ಅತ್ತೆಯ ಕಡೆ ನೋಡಿದಳು. ಓಜೆಲಾ ಹೂಂ ಎಂದು ತಲೆಯಾಡಿಸಿದಳು. ಎರಡನೇ ಸಲ ಆ ಸಾಲು ಬಂದಾಗ ವೈನೆಲ್ ಬಾಯಿ ತೆರೆದಳು.

ಎಮಲೀನ್ ಕುಣಿಯುವುದು ನಿಲ್ಲಿಸಿದಳು, ಹಾಡುವುದನ್ನೂ ನಿಲ್ಲಿಸಿದಳು. ವೇದಿಕೆಯ ಕಡೆ ನೋಡಿದಳು, ತಾಯಿಯ ಬಾಯಿ ನೋಡಿದಳು. ಹೆಂಗಸರೆಲ್ಲ ಸೇಡಿಯ ಹಾಗೆ ಹಾಡಲು ನೋಡುತ್ತಿದ್ದರು, ಸೇಡಿ ಯಾರ ಹಾಗೆ ಹಾಡಲು ಕಲಿತಿದ್ದಳೋ ಆ ದನಿ ತನ್ನ ಕಿವಿಯ ಪಕ್ಕದಲ್ಲೇ ಇತ್ತು. ವಾಪಸು ಬರುವಾಗ ಕಾರಿನಲ್ಲಿ ಅವಳು ಕೇಳಿದ್ದು ಒಂದೇ ಮಾತು.

"ಯಾವಾಗ?"

"ಜನವರಿಯಲ್ಲಿ."

ಆಮೇಲೆ ಐವತ್ತು ಮೈಲಿ ಹುಡುಗಿ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಮರುದಿನವೂ ಹಾಡಲಿಲ್ಲ, ಸೋಮವಾರವೂ ಹಾಡಲಿಲ್ಲ. ಬಚ್ಚಲುಮನೆಯಲ್ಲಿ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಹೇಳಿರಲಿಲ್ವಾ ಎಂಬಂತೆ ವೈನೆಲ್ ಅತ್ತೆಯನ್ನು ನೋಡಿದಳು. ತಲೆಯಾಡಿಸಿ ಹಾಡು ಎಂದವಳು ಓಜೆಲಾಳೇ ತಾನೆ.

ಗುರುವಾರ ಊಟದ ಹೊತ್ತು. ಮಾರನೆಯ ದಿನ ಕೊಡಬೇಕಾದ ಶಾಲೆಯ ಕಾಗದ ಉಪ್ಪಿನ ಡಬ್ಬಿಯ ಕೆಳಗಿತ್ತು. ಎಮಲೀನ್ ತನ್ನ ಫೋನನ್ನು ಮೇಜಿನ ನಡುವೆ ಇಟ್ಟಳು.

"ಅಪ್ಪ, ಇದು ಯಾರು ಹಾಡಿರೋದು?"

"ಸೇಡಿ ಹಾಲ್ಟ್. ಸಾಕಾಗಿದೆ ಕಣೇ, ಊಟ ಮಾಡು."

"ಹೇಗೆ ಹಾಡಿದ್ದಾಳೆ ಅಂತ ಕೇಳು. ನೀನು ಸಂಗೀತದೋನು."

ಹಾರ್ಲನ್ ಮೊದಲ ಸಲ ಗಿಟಾರನ್ನಷ್ಟೇ ಕೇಳಿದ. ಪರವಾಗಿಲ್ಲ ನುಡಿಸಿದ್ದಾನೆ ಎಂದ. ಎಮಲೀನ್ ಮತ್ತೆ ಹಾಕಿದಳು. ಪದ ಅರ್ಧಕ್ಕೆ ನಿಂತಿತು. ಹಾರ್ಲನ್‌ನ ಫೋರ್ಕೂ ಅರ್ಧಕ್ಕೆ ನಿಂತಿತು. ಪಕ್ಕದ ಮನೆಯಲ್ಲಿ ಯಾರೋ ಗಿಟಾರ್ ಹಿಡಿದರೆ ಯಾವ ತಂತಿ ಇಳಿದಿದೆ ಎಂದು ಇಲ್ಲಿಂದಲೇ ಹೇಳುವ ಕಿವಿ ಅವನದು. ಫೋನನ್ನು ಹತ್ತಿರ ಎಳೆದುಕೊಂಡು, ವಾರವಾರ ಚರ್ಚಿನಲ್ಲಿ ಹೆಂಡತಿಯಿಂದ ಕೇಳಿದ ಆ ಉಸಿರನ್ನು ತಾನೇ ಇನ್ನೊಮ್ಮೆ ಹಾಕಿ ಕೇಳಿದ.

"ವೈನೆಲ್," ಎಂದ. "ಎರಡು ತಿಂಗಳಿಂದ ಈ ಮನೇಲಿ ಕೇಳ್ತಿದೆ. ನಂಗೆ ಗೊತ್ತಾಗ್ಲಿಲ್ಲ."

ಓಜೆಲಾ ಉಪ್ಪಿನ ಡಬ್ಬಿ ಸರಿಸಿ ಕಾಗದವನ್ನು ಮಗನ ಮುಂದೆ ತಳ್ಳಿದಳು.

"ಒಳ್ಳೇ ಕೆಲಸ, ಬಿಡೋದು ಬೇಡ. ಹೆಸರು ಬದಲಾಯ್ಸು. ನೀನು ಹೋಗು."

"ಅಮ್ಮ, ನನ್ನ ಭುಜ..."

"ಆಲೂಗಡ್ಡೆ ಬಡಿಸೋಕೆ ಇನ್ನೊಂದಿದೆ. ತಪ್ಪು ನಿಂದಲ್ಲ ಮಗ, ನಂದು. ಒಂದು ತಟ್ಟೆ ತೊಳೆಯೋದೂ ನಿಂಗೆ ಕಲಿಸ್ಲಿಲ್ಲ. ಇವಳಿಗೆ ಮಾನದ ಕೆಲಸ ಅಂತ ಹೇಳಿದ ನಾಲಿಗೆ ನಂದೇ."

ಹಾರ್ಲನ್ ಹೆಂಡತಿಯನ್ನು ನೋಡಿದ. ಅವಳು ಪರವಾಗಿಲ್ಲ ಬಿಡಿ ಎನ್ನಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳು ಹಾಗೆನ್ನದೆ ಕೂತದ್ದು ಅದೇ ಮೊದಲು. ಅವನು ಪೆನ್ನು ಕೇಳಿದ.

ಸೋಮವಾರ ಕೂದಲು ಉದುರದಂತೆ ತಲೆಗೆ ಬಲೆ ಕಟ್ಟಿಕೊಂಡು ಹಾರ್ಲನ್ ಶಾಲೆಯ ಅಡುಗೆಮನೆಯಲ್ಲಿ ನಿಂತ. ಬೇಸಿಗೆ ಊಟಕ್ಕೆ ಬಂದ ಮಕ್ಕಳೆಲ್ಲ ಅವನ ಮೀಸೆ ನೋಡಿ ನಕ್ಕವಂತೆ. ಮೂರನೆಯ ದಿನಕ್ಕೆ ಗಂಜಿಯಂತಿದ್ದ ಗ್ರೇವಿ ಗಟ್ಟಿಯಾಯಿತಂತೆ. ಇದನ್ನೆಲ್ಲ ಅವನೇ ಮನೆಗೆ ಬಂದು, ಪಾದ ನೀವಿಕೊಳ್ಳುತ್ತ, ಯುದ್ಧದಿಂದ ಬಂದವನ ಹಾಗೆ ಹೇಳಿದ. ಎಮಲೀನ್ ಮಾತ್ರ ಇನ್ನೂ ಹಾಡಿರಲಿಲ್ಲ. ತಾಯಿಯ ಹತ್ತಿರ ಬೇಕಾದಷ್ಟೇ ಮಾತು. ತಾಯಿ ಬೇರೆ ಕಡೆ ನೋಡುವಾಗ ಕದ್ದು ನೋಡುವಳು, ಹೊಸದಾಗಿ ಬಂದವರನ್ನು ನೋಡಿದ ಹಾಗೆ.

ಆ ವಾರವೇ ಒಂದು ಸಂಜೆ ನಾಲ್ವರೂ ಅಡುಗೆಮನೆಯಲ್ಲಿದ್ದಾಗ ನ್ಯಾಶ್‌ವಿಲ್‌ನ ಆಫೀಸಿನಿಂದ ಫೋನ್ ಬಂತು. ಮುಂದಿನ ಬುಧವಾರ ಒಂದು ಹಾಡಿದೆ, ಬರಬಹುದಾ ಎಂದು. ವೈನೆಲ್ ಬರುತ್ತೇನೆ ಎಂದಳು. ಇಟ್ಟುಬಿಡುತ್ತಾಳೆ ಅಂದುಕೊಂಡರೆ ಇಡಲಿಲ್ಲ. ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಒಂದು ಮಾತು. ಇನ್ನು ಮೇಲೆ ನಾನು ಹಾಡಿದ್ದು ಹೊರಗೆ ಬಂದ್ರೆ ಅದರ ಜೊತೆ ನನ್ನ ಹೆಸರೂ ಇರ್ಬೇಕು."

ಆ ಕಡೆಯವನು ಏನೋ ಹೇಳಿದ. ಸಿಟ್ಟಿನ ದನಿಯಲ್ಲ, ಬುದ್ಧಿ ಹೇಳುವ ದನಿ. ಬಹಳ ಹೊತ್ತು ಹೇಳಿದ.

"ಪದ್ಧತಿ ಇಲ್ಲ ಅಂತ ಗೊತ್ತು ಸಾರ್. ನಾನೂ ಹತ್ತು ವರ್ಷ ಅದೇ ಪದ್ಧತೀಲಿ ಹಾಡಿದ್ದೀನಿ. ಆಗಲ್ಲ ಅಂದ್ರೆ ಬುಧವಾರ ಬೇರೆಯವರನ್ನ ಕರೀರಿ."

ಫೋನ್ ಇಟ್ಟಳು. ಒಲೆಯ ಮೇಲೆ ಕೋಳಿ ಚಿಟಪಟ ಎನ್ನುತ್ತಿತ್ತು, ಯಾರೂ ಅದನ್ನು ತಿರುವಿಹಾಕಲಿಲ್ಲ. ಓಜೆಲಾ ಸೊಸೆಯನ್ನು ನೋಡುತ್ತ ಕೂತಿದ್ದಳು. ತಾನು ಮೂವತ್ತು ವರ್ಷ ಹೇಳದೆ ನುಂಗಿದ ಮಾತನ್ನು ಈ ಹೆಂಗಸು ನಿಂತ ನಿಲುವಿನಲ್ಲಿ, ಏಪ್ರನ್ ಕಟ್ಟಿಕೊಂಡು, ಹೇಳಿಬಿಟ್ಟಿದ್ದಳು.

ವೈನೆಲ್ ಗೋಡೆಗೆ ಒರಗಿ, "ಹೋಯ್ತು. ಇನ್ನು ಕರೆಯಲ್ಲ ಅವರು," ಎಂದಳು.

ಎಮಲೀನ್ ಎದ್ದು ಬಂದು ತಾಯಿಯ ಎದುರು ನಿಂತಳು. ಇಬ್ಬರೂ ಈಗ ಒಂದೇ ಎತ್ತರ.

"ಅಮ್ಮ, ಇಷ್ಟು ದಿನ ಅದು ಹಾಡು ಅಂತ ನಂಬಿದ್ದೆ," ಎಂದಳು. "ಈಗ ನಿಜ ಅಂತ ನಂಬ್ತೀನಿ."